ಬರ್ತ್ ಕನ್ಫರ್ಮ್ ಆಗದೆ ದಾವಣಗೆರೆಯಿಂದ ಬೆಂಗಳೂರಿಗೆ ರಾತ್ರಿ ರೈಲು: ಯಾವಾಗ ಏನು ಮಾಡಬೇಕು

ಹಬ್ಬದ ರಜೆ ಮುಗಿದ ಮಾರನೇ ದಿನ ನನ್ನ ಫೋನಿಗೆ ಬರುವ ಮೆಸೇಜುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ವೇಟಿಂಗ್ ಲಿಸ್ಟ್ 6 ಇತ್ತು, ಆಗುತ್ತೆ ಅಂತ ಹತ್ತಿದೆ, ದಂಡ ಹಾಕಿದರು." "ಆರ್‌ಎಸಿ ಅಂದರೆ ಸೀಟಿಲ್ಲ ಅಂದ್ಕೊಂಡು ಬಸ್ಸಿಗೆ ಹೋದೆ." "ರೈಲು ಬಂತು, ನನ್ನ ಸೀಟಲ್ಲಿ ಬೇರೆಯವರು ಇದ್ದರು, ಟಿಕೆಟ್ ನೋಡಿದರೆ ನಿನ್ನೆಯದು."

ಈ ಮೂರೂ ತಪ್ಪು ಆಗಿದ್ದು ಮನೆಯಲ್ಲಿ, ರೈಲು ಬರುವ ಎಷ್ಟೋ ಗಂಟೆ ಮುಂಚೆ. ಪ್ಲಾಟ್‌ಫಾರ್ಮಿಗೆ ಬಂದ ಮೇಲೆ ಮಾಡಲಿಕ್ಕೆ ಜಾಸ್ತಿ ಏನೂ ಉಳಿದಿರಲ್ಲ. ಅದಕ್ಕೇ ಇಲ್ಲಿ ಒಂದರ ಹಿಂದೆ ಒಂದು ಏನು ಮಾಡಬೇಕು ಅನ್ನುವುದಕ್ಕೇ ಒತ್ತು ಕೊಟ್ಟಿದ್ದೇನೆ. ಉದಾಹರಣೆಗಳೆಲ್ಲ ದಾವಣಗೆರೆ–ಬೆಂಗಳೂರು ದಾರಿಯವು. ಚಿತ್ರದುರ್ಗದವರಿಗೆ ನಡುವೆ ಒಂದು ಮಾತಿದೆ.

ಮೊದಲು ಕೈಯಲ್ಲಿ ಇರಬೇಕಾದವು

ಹತ್ತಂಕಿಯ ಪಿಎನ್‌ಆರ್ ನಂಬರನ್ನು ಒಂದು ಚೀಟಿಯಲ್ಲೂ ಬರೆದಿಟ್ಟುಕೊಳ್ಳಿ. ಫೋನ್ ಸ್ವಿಚ್ ಆಫ್ ಆದಾಗಲೇ ಅದು ಬೇಕಾಗುವುದು. ಆಧಾರ್ ಅಥವಾ ಬೇರೆ ಗುರುತಿನ ಚೀಟಿ, ಒರಿಜಿನಲ್. ಚಾರ್ಜ್ ಆಗಿರುವ ಪವರ್ ಬ್ಯಾಂಕ್. ನೂರು, ಐನೂರರ ನೋಟಲ್ಲಿ ಒಂದು ಸಾವಿರ ರೂಪಾಯಿ ನಗದು. ನಡುರಾತ್ರಿ ಸಿಗ್ನಲ್ ಸಿಗದ ಕಡೆ ಯುಪಿಐ ನಂಬಿಕೊಂಡು ಕೂರಬಾರದು. ಒಂದು ಬೆಡ್‌ಶೀಟ್, ಒಂದು ಟವೆಲ್, ನೀರು. ಬ್ಯಾಗ್ ಒಂದೇ ಇರಲಿ, ಅದೂ ತೊಡೆ ಮೇಲೆ ಇಟ್ಟುಕೊಳ್ಳುವಷ್ಟು ಚಿಕ್ಕದು. ಸೀಟು ಗ್ಯಾರಂಟಿ ಇಲ್ಲದ ರಾತ್ರಿ ಎರಡು ಟ್ರಾಲಿ ಬ್ಯಾಗ್ ಎಳೆದುಕೊಂಡು ಬಂದವರ ಪಾಡನ್ನು ನಾನು ಕಣ್ಣಾರೆ ನೋಡಿದ್ದೇನೆ.

ಫೋನಿನಲ್ಲಿ ಐಆರ್‌ಸಿಟಿಸಿ ಮತ್ತು ರೈಲ್‌ಒನ್ ಎರಡೂ ಇರಲಿ. ಜನರಲ್ ಟಿಕೆಟ್ ರೈಲ್‌ಒನ್‌ನಲ್ಲೇ ತೆಗೆಯಬಹುದು. ಹಿಂದಿನ ದಿನವೇ ಲಾಗಿನ್ ಆಗಿ ನೋಡಿ. ಪಾಸ್‌ವರ್ಡ್ ಮರೆತದ್ದು ಗೊತ್ತಾಗುವುದು ಯಾವಾಗಲೂ ಅರ್ಜೆಂಟ್ ಇದ್ದಾಗಲೇ.

ಹಂತ 1: ತಾರೀಕು ಸರಿ ಇದೆಯಾ ನೋಡಿ

ಇದನ್ನು ಮೊದಲನೇ ಹಂತ ಮಾಡಿರುವುದಕ್ಕೆ ಕಾರಣ ಇದೆ. ಹುಬ್ಬಳ್ಳಿ, ಬೆಳಗಾವಿ, ಮಿರಜ್ ಕಡೆಯಿಂದ ಬರುವ ರಾತ್ರಿ ರೈಲುಗಳಲ್ಲಿ ಕೆಲವು ದಾವಣಗೆರೆ ಮುಟ್ಟುವ ಹೊತ್ತಿಗೆ ಹನ್ನೆರಡು ದಾಟಿರುತ್ತದೆ. ನಾವು ಅದನ್ನು "ಶನಿವಾರ ರಾತ್ರಿ" ಅಂತೀವಿ. ರೈಲ್ವೆ ಲೆಕ್ಕದಲ್ಲಿ ಅದು ಭಾನುವಾರ. ಟಿಕೆಟ್ ಭಾನುವಾರದ ತಾರೀಕಿಗೇ ತೆಗೆಯಬೇಕು.

ನಾನೇ ಒಮ್ಮೆ ಇದರಲ್ಲಿ ಬಿದ್ದಿದ್ದೇನೆ. ಶನಿವಾರ ಊಟ ಮುಗಿಸಿ, ಹನ್ನೊಂದೂವರೆಗೆ ಸ್ಟೇಷನ್ನಿಗೆ ಬಂದು, ಆರಾಮಾಗಿ ಟೀ ಕುಡಿದು ಕೂತೆ. ರೈಲು ಬಂತು. ನನ್ನ ಬರ್ತ್ ಮೇಲೆ ಒಬ್ಬ ಅಜ್ಜ ಮಲಗಿದ್ದರು. ಟಿಕೆಟ್ ತೆಗೆದು ತೋರಿಸಲು ಹೋದಾಗ ತಾರೀಕು ಕಣ್ಣಿಗೆ ಬಿತ್ತು. ನನ್ನ ರೈಲು ಹಿಂದಿನ ರಾತ್ರಿ, ನಾನು ಮನೆಯಲ್ಲಿ ಗೊರಕೆ ಹೊಡೆಯುವಾಗಲೇ ಹೋಗಿತ್ತು. ಕನ್ಫರ್ಮ್ ಟಿಕೆಟ್ ಬೇರೆ. ಒಂದು ರೂಪಾಯಿ ವಾಪಸ್ ಬರಲಿಲ್ಲ.

ಗುರುತು: ಟಿಕೆಟ್ ಮೇಲೆ ಹೊರಡುವ ಸಮಯ 00 ಅಥವಾ 01ರಿಂದ ಶುರುವಾಗಿದ್ದರೆ ತಕ್ಷಣ ಕ್ಯಾಲೆಂಡರ್ ತೆಗೆದು ನೋಡಿ. ಹಿಂದಿನ ದಿನ ಸಂಜೆಯೇ ಮನೆ ಬಿಡಬೇಕು.

ತತ್ಕಾಲ್ ತೆಗೆಯುವವರಿಗೆ ಇದೇ ಗೊಂದಲ ಇನ್ನೊಂದು ಸುತ್ತು ಜಾಸ್ತಿ. ತತ್ಕಾಲ್ ತೆರೆಯುವುದು ರೈಲು ತನ್ನ ಮೊದಲ ಸ್ಟೇಷನ್ ಬಿಡುವ ದಿನಕ್ಕೆ ಒಂದು ದಿನ ಮುಂಚೆ: ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. ರೈಲು ಮಿರಜ್ ಬಿಡುವುದು 10ನೇ ತಾರೀಕು ಮಧ್ಯಾಹ್ನ, ದಾವಣಗೆರೆಗೆ ಬರುವುದು 11ನೇ ತಾರೀಕು ನಡುರಾತ್ರಿ ಅಂತಿಟ್ಟುಕೊಳ್ಳಿ. ತತ್ಕಾಲ್ ತೆರೆಯುವುದು 9ರಂದು. 10ನೇ ತಾರೀಕು ಬೆಳಿಗ್ಗೆ ಮೊಬೈಲ್ ಹಿಡಿದು ಕೂತವರಿಗೆ ಸಿಗುವುದು ಅಳಿದುಳಿದದ್ದು ಮಾತ್ರ. 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ಜೋಡಿಸಿದ ಖಾತೆ ಬೇಕೇ ಬೇಕು. ಅದನ್ನು ಮುಂಚೆಯೇ ಮುಗಿಸಿಡಿ, ಹತ್ತು ಐವತ್ತೈದಕ್ಕೆ ಶುರುಮಾಡಬೇಡಿ.

ಹಂತ 2: ಟಿಕೆಟ್ ಮೇಲಿನ ಅಕ್ಷರ ಓದಿ

"ಕನ್ಫರ್ಮ್ ಆಗಿಲ್ಲ" ಅನ್ನುವುದು ಒಂದೇ ಸ್ಥಿತಿ ಅಲ್ಲ. ಎರಡು ಇವೆ, ಎರಡಕ್ಕೂ ಅಜಗಜಾಂತರ.

ಆರ್‌ಎಸಿ ಅಂದರೆ ರೈಲು ಹತ್ತುವ ಹಕ್ಕು ನಿಮಗಿದೆ. ಕೂರಲು ಜಾಗ ಗ್ಯಾರಂಟಿ, ಮಲಗಲು ಗ್ಯಾರಂಟಿ ಇಲ್ಲ. ಒಂದು ಸೈಡ್ ಲೋವರ್ ಬರ್ತನ್ನು ಇಬ್ಬರಿಗೆ ಹಂಚಿರುತ್ತಾರೆ. ದರ ಮಾತ್ರ ಪೂರ್ತಿ ಬರ್ತಿನದೇ. ಅನ್ಯಾಯ ಅನಿಸುತ್ತೆ ಅಲ್ವಾ, ಆದರೆ ನಿಯಮ ಹಾಗೇ ಇದೆ.

ವೇಟಿಂಗ್ ಲಿಸ್ಟ್ ಅಂದರೆ ಸರದಿಯಲ್ಲಿ ನಿಂತಿದ್ದೀರಿ, ಅಷ್ಟೇ. ಟಿಕೆಟ್ ಮೇಲೆ ಎರಡು ಸಂಖ್ಯೆ ಕಾಣುತ್ತವೆ, 45/12 ಅಂತ ಇಟ್ಟುಕೊಳ್ಳಿ. ಮೊದಲನೆಯದು ತೆಗೆದಾಗ ಇದ್ದ ಸ್ಥಾನ, ಎರಡನೆಯದು ಈಗಿನದು. ನೋಡಬೇಕಾದದ್ದು ಎರಡನೆಯದನ್ನು.

ಸಂಖ್ಯೆಗಿಂತಲೂ ಅದರ ಹಿಂದಿನ ಅಕ್ಷರ ಮುಖ್ಯ. ಜಿಎನ್‌ಡಬ್ಲ್ಯುಎಲ್ ಅಂದರೆ ಜನರಲ್ ವೇಟಿಂಗ್. ರೈಲು ಹೊರಡುವ ಊರಿನಿಂದ ತೆಗೆದ ಟಿಕೆಟ್‌ಗಳಿಗೆ ಬರುವಂಥದ್ದು, ಬೇಗ ಕರಗುತ್ತದೆ. ಆರ್‌ಎಲ್‌ಡಬ್ಲ್ಯುಎಲ್, ಪಿಕ್ಯುಡಬ್ಲ್ಯುಎಲ್ ಅಂದರೆ ನಡುವಿನ ಸ್ಟೇಷನ್‌ಗಳ ಸಣ್ಣ ಕೋಟಾ. ನಮ್ಮದು ನಡುದಾರಿಯ ಊರಾದ್ದರಿಂದ ಇವೇ ಜಾಸ್ತಿ ಸಿಗುತ್ತವೆ. ಕೋಟಾ ಚಿಕ್ಕದು, ಕ್ಯಾನ್ಸಲ್ ಆಗುವುದೂ ಕಡಿಮೆ. ಜಿಎನ್ 15 ಇದ್ದರೆ ಆಸೆ ಇಟ್ಟುಕೊಳ್ಳಬಹುದು, ಪಿಕ್ಯು 15 ಇದ್ದರೆ ನಾನಾದರೆ ಬೇರೆ ದಾರಿ ನೋಡುತ್ತೇನೆ. ಟಿಕ್ಯುಡಬ್ಲ್ಯುಎಲ್ ಅಂದರೆ ತತ್ಕಾಲ್ ವೇಟಿಂಗ್. ಅದರ ಮೇಲೆ ಆಸೆಯೇ ಬೇಡ.

ಟಿಕೆಟ್ ಇನ್ನೂ ತೆಗೆಯಬೇಕು ಅನ್ನುವವರಿಗೆ ಒಂದು ಉಪಾಯ. ದಾವಣಗೆರೆಯಿಂದ ಹುಡುಕಿದಾಗ ಪಿಕ್ಯು ತೋರಿಸಿದರೆ, ಅದೇ ರೈಲನ್ನು ಅದು ಹೊರಡುವ ಊರಿನಿಂದ ಹುಡುಕಿ ನೋಡಿ. ಅಲ್ಲಿ ಜಿಎನ್ ಅಥವಾ ಆರ್‌ಎಸಿ ಇರಬಹುದು. ಅಲ್ಲಿಂದ ತೆಗೆದು, ಹತ್ತುವ ಸ್ಟೇಷನ್ ಅಂತ ದಾವಣಗೆರೆ ಹಾಕಿ. ಸ್ವಲ್ಪ ದುಡ್ಡು ಜಾಸ್ತಿ ಬೀಳುತ್ತದೆ. ಹತ್ತುವ ಸ್ಟೇಷನ್ ಹಾಕುವುದನ್ನು ಮರೆತರೆ ಮಾತ್ರ ಕೆಟ್ಟಿತು. ನೀವು ಬಂದಿಲ್ಲ ಅಂತ ಟಿಟಿಇ (ರೈಲಿನಲ್ಲಿ ಟಿಕೆಟ್ ನೋಡುವವರು) ಆ ಬರ್ತನ್ನು ಬೇರೆಯವರಿಗೆ ಕೊಟ್ಟಿರುತ್ತಾರೆ.

ಹಂತ 3: ಚಾರ್ಟ್ ಆಗುವ ಹೊತ್ತಿಗೆ ಕಾಯಿರಿ

ಎಲ್ಲ ತೀರ್ಮಾನ ಆಗುವುದು ಚಾರ್ಟ್ ಹೊತ್ತಿಗೆ, ಅಂದರೆ ಯಾರಿಗೆ ಯಾವ ಬರ್ತ್ ಅನ್ನುವ ಪಟ್ಟಿ ಸಿದ್ಧವಾಗುವಾಗ. ಮೊದಲು ರೈಲು ಹೊರಡುವ ನಾಲ್ಕು ಗಂಟೆ ಮುಂಚೆ ಚಾರ್ಟ್ ಆಗುತ್ತಿತ್ತು. 2025ರ ಜುಲೈನಲ್ಲಿ ಅದನ್ನು ಎಂಟು ಗಂಟೆ ಮುಂಚೆಗೆ, ಅದೇ ಡಿಸೆಂಬರ್‌ನಲ್ಲಿ ಹತ್ತು ಗಂಟೆ ಮುಂಚೆಗೆ ತಂದರು. ಇನ್ನೂ ಮುಂಚೆ ಆಗುವುದೂ ಉಂಟು. ಹಾಗಾಗಿ ಅದಕ್ಕೂ ಮುಂಚಿನಿಂದಲೇ ಆಗಾಗ ನೋಡುತ್ತಿರಿ.

ಎಡವುವುದು ಇಲ್ಲೇ. ಹತ್ತು ಗಂಟೆಯ ಲೆಕ್ಕ ದಾವಣಗೆರೆಗೆ ರೈಲು ಬರುವ ಹೊತ್ತಿನಿಂದ ಅಲ್ಲ, ಮೊದಲ ಸ್ಟೇಷನ್ ಬಿಡುವ ಹೊತ್ತಿನಿಂದ. ಮಧ್ಯಾಹ್ನ 4ಕ್ಕೆ ಹೊರಡುವ ರೈಲಾದರೆ ಬೆಳಿಗ್ಗೆ ನೀವು ತಿಂಡಿ ತಿನ್ನುವ ಹೊತ್ತಿಗೇ ನಡುರಾತ್ರಿಯ ಹಣೆಬರಹ ಗೊತ್ತಾಗಿರುತ್ತದೆ. ರಾತ್ರಿ 9ಕ್ಕೆ ಹೊರಡುವುದಾದರೆ ಮಧ್ಯಾಹ್ನ ಊಟದ ಹೊತ್ತಿಗೆ. ಕೆಲವು ರೈಲುಗಳಿಗೆ ನಡುವಿನ ಸ್ಟೇಷನ್‌ನಲ್ಲಿ ಇನ್ನೊಂದು ಚಾರ್ಟ್ ಆಗುತ್ತದೆ. ಅದಕ್ಕೆ ಗಡಿಯಾರ ನಂಬಬೇಡಿ. ಪಿಎನ್‌ಆರ್ ಸ್ಥಿತಿಯ ಕೆಳಗೆ "ಚಾರ್ಟ್ ಪ್ರಿಪೇರ್ಡ್" ಅಂತ ಬಂದಿದೆಯಾ ಅದನ್ನು ನೋಡಿ. ಇಂಟರ್ನೆಟ್ ಇಲ್ಲದಿದ್ದರೆ ಪಿಎನ್‌ಆರ್ ನಂಬರನ್ನು 139ಕ್ಕೆ ಎಸ್‌ಎಂಎಸ್ ಮಾಡಿ.

ಚಾರ್ಟ್ ಬಂದ ತಕ್ಷಣ ಎರಡು ಕೆಲಸ.

ಒಂದು, ಐಆರ್‌ಸಿಟಿಸಿಯಲ್ಲಿ "ಚಾರ್ಟ್ಸ್/ವೇಕೆನ್ಸಿ" ಅನ್ನುವ ಪುಟ ಇದೆ. ಲಾಗಿನ್ ಕೂಡ ಬೇಡ. ರೈಲಿನ ನಂಬರ್, ತಾರೀಕು, ಸ್ಟೇಷನ್ ಹಾಕಿದರೆ ಯಾವ ಬೋಗಿಯಲ್ಲಿ ಯಾವ ಬರ್ತ್ ಎಲ್ಲಿಂದ ಎಲ್ಲಿವರೆಗೆ ಖಾಲಿ ಅಂತ ತೋರಿಸುತ್ತದೆ. ಅರಸೀಕೆರೆಯಿಂದ ಮುಂದಕ್ಕೆ ಖಾಲಿ ಆಗುವ ಒಂದೆರಡು ಬರ್ತ್ ಕಾಣಬಹುದು. ಸ್ಕ್ರೀನ್‌ಶಾಟ್ ತೆಗೆದಿಡಿ, ಆರನೇ ಹಂತದಲ್ಲಿ ಬೇಕಾಗುತ್ತದೆ.

ಎರಡು, ಕರೆಂಟ್ ಬುಕಿಂಗ್ ನೋಡಿ. ಚಾರ್ಟ್ ಆದ ಮೇಲೆ ಉಳಿದ ಬರ್ತ್‌ಗಳನ್ನು ಮಾಮೂಲು ದರಕ್ಕೇ ಬಿಡುತ್ತಾರೆ, ತತ್ಕಾಲ್ ದರ ಇಲ್ಲ. ಎರಡನೇ ಚಾರ್ಟ್ ಆಗುವುದು ಹೊರಡುವ ಅರ್ಧ ಗಂಟೆ ಮುಂಚೆ, ಅಲ್ಲಿಯವರೆಗೆ ಸಿಗುತ್ತಿರುತ್ತದೆ. ವಾರದ ನಡುವೆ ನನಗೆ ಎಷ್ಟೋ ಸಲ ಹೀಗೇ ಬರ್ತ್ ಸಿಕ್ಕಿದೆ. ಭಾನುವಾರ ರಾತ್ರಿ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಒಮ್ಮೆಯೂ ಸಿಕ್ಕಿಲ್ಲ.

ಹಂತ 4: ಯಾವ ದಾರಿ ಅಂತ ಸಂಜೆಯೊಳಗೇ ನಿರ್ಧರಿಸಿ

ಈಗ ನಿಮ್ಮ ಕೈಯಲ್ಲಿರುವುದು ಈ ಮೂರರಲ್ಲಿ ಒಂದು.

ಆರ್‌ಎಸಿ ಬಂದಿದೆ: ಹೋಗಿ. ಯೋಚನೆ ಬೇಡ.

ಇ-ಟಿಕೆಟ್, ಎಲ್ಲರದ್ದೂ ವೇಟಿಂಗಲ್ಲೇ ಉಳಿದಿದೆ: ಆ ಟಿಕೆಟ್ ಈಗ ಇಲ್ಲ. ಚಾರ್ಟ್ ಆದ ಕೂಡಲೇ ತಾನಾಗಿ ಕ್ಯಾನ್ಸಲ್ ಆಗುತ್ತದೆ. ತಲೆಗೆ 60 ರೂಪಾಯಿ ಹಿಡಿದುಕೊಂಡು ಉಳಿದದ್ದು ಕೆಲವು ದಿನದಲ್ಲಿ ಖಾತೆಗೆ ಬರುತ್ತದೆ. ಆ ಮೆಸೇಜ್ ತೋರಿಸಿ ರೈಲು ಹತ್ತಿದರೆ ನೀವು ಟಿಕೆಟ್ ಇಲ್ಲದವರ ಲೆಕ್ಕ. ಹೆಚ್ಚಿನವರು ದಂಡ ಕಟ್ಟುವುದು ಇಲ್ಲೇ. ದಂಡ ಕನಿಷ್ಠ 250 ರೂಪಾಯಿ, ಅದರ ಜೊತೆ ಟಿಕೆಟ್ ದರ. ದರವನ್ನೂ ನೀವು ಹತ್ತಿದ ಕಡೆಯಿಂದಲೇ ಹಾಕಬೇಕು ಅಂತಿಲ್ಲ. ಎಲ್ಲಿ ಹತ್ತಿದಿರಿ ಅಂತ ತೋರಿಸಲು ಆಗದಿದ್ದರೆ ರೈಲು ಹೊರಟ ಊರಿನಿಂದ ಲೆಕ್ಕ ಹಾಕಬಹುದು. ಮಿರಜ್‌ನಿಂದ ಬರುವ ರೈಲಾದರೆ ಅದು ಎಷ್ಟಾಗುತ್ತೆ, ಯೋಚಿಸಿ.

ಒಂದು ವಿನಾಯಿತಿ ಇದೆ. ಒಂದೇ ಪಿಎನ್‌ಆರ್‌ನಲ್ಲಿ ಮೂರು ಜನ ಇದ್ದು, ಒಬ್ಬರಿಗಾದರೂ ಕನ್ಫರ್ಮ್ ಅಥವಾ ಆರ್‌ಎಸಿ ಆಗಿದ್ದರೆ ಟಿಕೆಟ್ ಕ್ಯಾನ್ಸಲ್ ಆಗಲ್ಲ. ಉಳಿದವರೂ ಹತ್ತಬಹುದು, ಇರುವ ಜಾಗದಲ್ಲೇ ಹೊಂದಿಸಿಕೊಳ್ಳಬೇಕು. ಅದಕ್ಕೇ ಮನೆಯವರೆಲ್ಲ ಹೋಗುವಾಗ ಬೇರೆ ಬೇರೆ ಫೋನಿನಿಂದ ಒಂದೊಂದು ಟಿಕೆಟ್ ತೆಗೆಯಬೇಡಿ.

ಕೌಂಟರ್ ಟಿಕೆಟ್, ವೇಟಿಂಗ್: ಇದು ತಾನಾಗಿ ಕ್ಯಾನ್ಸಲ್ ಆಗಲ್ಲ. ಆದರೆ ಸ್ಲೀಪರ್ ಅಥವಾ ಎಸಿ ಬೋಗಿಯಲ್ಲಿ ಇದಕ್ಕೆ ಜಾಗವಿಲ್ಲ. ಹಿಂದೆ ಬಾಗಿಲ ಹತ್ತಿರ ನಿಂತು ಹೋಗುವವರನ್ನು ಸುಮ್ನೆ ಬಿಡುತ್ತಿದ್ದರು, 2025ರಿಂದ ಬಿಗಿ ಮಾಡಿದ್ದಾರೆ. ಈ ಟಿಕೆಟ್ ಇಟ್ಟುಕೊಂಡು ಜನರಲ್ ಬೋಗಿಯಲ್ಲಿ ಹೋಗಬಹುದು. ಅಥವಾ ರೈಲು ಹೊರಡುವ ಅರ್ಧ ಗಂಟೆ ಮುಂಚೆಯೊಳಗೆ ಕ್ಯಾನ್ಸಲ್ ಮಾಡಿಸಿ, ಕಡಿಮೆ ದರದ ಜನರಲ್ ಟಿಕೆಟ್ ತೆಗೆಯಬಹುದು. ಎರಡನೆಯದೇ ಲಾಭ.

ಈಗ ಪ್ರಾಮಾಣಿಕವಾಗಿ ಒಂದು ಪ್ರಶ್ನೆ ಕೇಳಿಕೊಳ್ಳಿ: ಜನರಲ್‌ನಲ್ಲಿ ರಾತ್ರಿ ಕಳೆಯಲು ಆಗುತ್ತಾ? ರೈಲು ಇಲ್ಲಿಗೆ ಬರುವಾಗಲೇ ಹುಬ್ಬಳ್ಳಿ, ಹಾವೇರಿ, ರಾಣೇಬೆನ್ನೂರು, ಹರಿಹರದ ಜನ ತುಂಬಿರುತ್ತಾರೆ. ಇಪ್ಪತ್ತೈದರ ಹುಡುಗರಿಗೆ ನಡೆಯುತ್ತೆ. ಚಿಕ್ಕ ಮಕ್ಕಳು, ಬಸುರಿ ಹೆಂಗಸು, ಮೊಣಕಾಲು ನೋವಿನ ಅಮ್ಮ ಜೊತೆಗಿದ್ದರೆ ಬೇಡ. ಪಿ.ಬಿ. ರಸ್ತೆಯ ಬಸ್ ಸ್ಟ್ಯಾಂಡಿನಿಂದ ರಾತ್ರಿ ಬಸ್ ಹಿಡಿಯಿರಿ. ಸಂಜೆಯೇ ನಿರ್ಧರಿಸಿದರೆ ಬಸ್ಸಿನಲ್ಲಿ ಮುಂದಿನ ಸೀಟು ಸಿಗುತ್ತದೆ. ರೈಲು ಬಿಟ್ಟು ನಡುರಾತ್ರಿ ಆಟೋ ಹಿಡಿದು ಓಡಿ ಬಂದರೆ ಕೊನೆಯ ಸಾಲು, ಟೈರಿನ ಮೇಲಿನದು.

ಚಿತ್ರದುರ್ಗದವರಿಗೆ: ನಿಮ್ಮ ಸ್ಟೇಷನ್ ಇರುವುದು ಚಿಕ್ಕಜಾಜೂರಿನಿಂದ ರಾಯದುರ್ಗದ ಕಡೆ ಹೋಗುವ ಕವಲಿನಲ್ಲಿ. ಬೆಂಗಳೂರು–ಹುಬ್ಬಳ್ಳಿ ಮುಖ್ಯ ಲೈನಿನ ರೈಲು ಬೇಕೆಂದರೆ ಚಿಕ್ಕಜಾಜೂರು ಜಂಕ್ಷನ್ನಿಗೋ ದಾವಣಗೆರೆಗೋ ಹೋಗಬೇಕು. ಕನ್ಫರ್ಮ್ ಇಲ್ಲದಾಗ ನಡುರಾತ್ರಿ ಚಿಕ್ಕಜಾಜೂರಿಗೆ ಹೋಗುವುದನ್ನು ನಾನು ಒಪ್ಪಲ್ಲ. ರೈಲು ಕೈಕೊಟ್ಟರೆ ಅಲ್ಲಿಂದ ಆ ಹೊತ್ತಲ್ಲಿ ಹೊರಡಲು ಗಾಡಿ ಹುಡುಕಬೇಕು. ಊರ ಪಕ್ಕದಲ್ಲೇ ಹೆದ್ದಾರಿ, ಬೆಂಗಳೂರು ಸುಮಾರು 200 ಕಿಲೋಮೀಟರ್. ಸೀಟಿಲ್ಲದ ರೈಲಿಗಿಂತ ಸೀಟಿರುವ ಬಸ್ಸೇ ವಾಸಿ. ತುಮಕೂರು–ಚಿತ್ರದುರ್ಗ–ದಾವಣಗೆರೆ ಹೊಸ ಲೈನು ಮುಗಿದ ದಿನ ಈ ಪ್ಯಾರಾ ನಾನೇ ಹರಿದುಹಾಕುತ್ತೇನೆ.

ಹಂತ 5: ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುವ ಜಾಗ

ಮುಕ್ಕಾಲು ಗಂಟೆ ಮುಂಚೆ ಬನ್ನಿ. ಜನರಲ್ ಟಿಕೆಟನ್ನು ಆ್ಯಪ್‌ನಲ್ಲಿ ತೆಗೆಯುವುದಾದರೆ ಹಳಿ ಪಕ್ಕ ಬಂದು ನಿಲ್ಲುವ ಮುಂಚೆಯೇ ತೆಗೆಯಿರಿ. ಸ್ಟೇಷನ್ ಒಳಗೆ ಬಂದ ಮೇಲೆ ಅದು ತೆರೆದುಕೊಳ್ಳುವುದಿಲ್ಲ, ಅಲ್ಲಿ ಅಂಟಿಸಿರುವ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಬೇಕಾಗುತ್ತದೆ.

ಜನರಲ್ ಬೋಗಿಗಳು ಸಾಮಾನ್ಯವಾಗಿ ರೈಲಿನ ಎರಡೂ ತುದಿಯಲ್ಲಿ ಇರುತ್ತವೆ. ಎಲ್ಲರೂ ಮೆಟ್ಟಿಲು ಇಳಿದ ಕಡೆಯೇ ಗುಂಪಾಗಿ ನಿಲ್ಲುತ್ತಾರೆ, ರೈಲು ಬಂದ ಮೇಲೆ ತುದಿಗೆ ಓಡುತ್ತಾರೆ. ನೀವು ಮೊದಲೇ ದೂರದ ತುದಿಗೆ ನಡೆದು ನಿಂತಿರಿ. ಅಲ್ಲಿ ಜನ ಕಡಿಮೆ. ಬೋಗಿಗಳ ಸಾಲು ಬೋರ್ಡಿನಲ್ಲಿ ಬರದಿದ್ದರೆ ಅಲ್ಲಿರುವ ಪೋರ್ಟರ್‌ನೋ ಟೀ ಮಾರುವವರನ್ನೋ ಕೇಳಿ. ದಿನಾ ನೋಡುವವರು, ಕರಾರುವಾಕ್ಕಾಗಿ ಹೇಳುತ್ತಾರೆ.

ಒಬ್ಬರೇ ಹೋಗುವ ಹೆಣ್ಣುಮಕ್ಕಳು ತುದಿಯಲ್ಲಿರುವ ಮಹಿಳಾ ಬೋಗಿಯನ್ನೇ ನೋಡಿ. ಇನ್ನೊಂದು ವಿಷಯ ತಿಳಿದಿರಲಿ. ಗಂಡಸರು ಜೊತೆಗಿಲ್ಲದ ಹೆಂಗಸರನ್ನು ಅಥವಾ ಮಕ್ಕಳನ್ನು ಟಿಕೆಟ್ ಸರಿಯಿಲ್ಲ ಅಂತ ರಾತ್ರಿ ಹೊತ್ತು ಯಾವುದೋ ಸ್ಟೇಷನ್‌ನಲ್ಲಿ ಇಳಿಸುವ ಹಾಗಿಲ್ಲ. ರೈಲ್ವೆ ಕಾಯ್ದೆಯ 139ನೇ ಕಲಂ ಪ್ರಕಾರ ಹಗಲಲ್ಲೇ ಇಳಿಸಬೇಕು. ಅದೂ ಅವರು ಹತ್ತಿದ ಸ್ಟೇಷನ್, ಜಂಕ್ಷನ್, ಕೊನೆಯ ಸ್ಟೇಷನ್ ಅಥವಾ ಜಿಲ್ಲಾ ಕೇಂದ್ರದಲ್ಲಿ ಮಾತ್ರ. ದಂಡ ಕಟ್ಟಬೇಕಾಗಬಹುದು, ಕತ್ತಲಲ್ಲಿ ಇಳಿಯಬೇಕಾಗಿಲ್ಲ. ತೊಂದರೆ ಆದರೆ 139ಕ್ಕೆ ಕರೆ ಮಾಡಿ. ಕಲಂ ನಂಬರೂ ಸಹಾಯವಾಣಿ ನಂಬರೂ ಒಂದೇ, ನೆನಪಿಡಲು ಸುಲಭ.

ಅಪಾಯದ ಗುರುತು: "ಕನ್ಫರ್ಮ್ ಟಿಕೆಟ್ ಇದೆ, ಹೆಸರು ಬೇರೆ, ಪರವಾಗಿಲ್ಲ" ಅಂತ ಯಾರಾದರೂ ಬಂದರೆ ದೂರ ಸರಿಯಿರಿ. ಒಬ್ಬರ ಟಿಕೆಟಿನಲ್ಲಿ ಇನ್ನೊಬ್ಬರು ಹೋಗುವಂತಿಲ್ಲ. ಹೆಸರು ಬದಲಿಸುವುದು ಸಾಮಾನ್ಯವಾಗಿ ಮನೆಯವರ ನಡುವೆ ಮಾತ್ರ, ಅದೂ 24 ಗಂಟೆ ಮುಂಚೆ ಅರ್ಜಿ ಕೊಟ್ಟು.

ಹಂತ 6: ಟಿಟಿಇ ಹತ್ತಿರ ಮಾತು

ಆರ್‌ಎಸಿಯವರು ಮೊದಲು ತಮ್ಮ ಜಾಗದಲ್ಲಿ ಹೋಗಿ ಕೂರಬೇಕು. ಹುಡುಕುವುದು ಸುಲಭ. ಸ್ಲೀಪರ್‌ನಲ್ಲಿ ಸೈಡ್ ಲೋವರ್ ಬರ್ತ್‌ಗಳ ಸಂಖ್ಯೆ 7, 15, 23, 31 ಹೀಗೆ ಎಂಟೆಂಟು ಕೂಡುತ್ತಾ ಹೋಗುತ್ತದೆ. ಜಾಗದಲ್ಲಿ ಇಲ್ಲದಿದ್ದರೆ ನೀವು ಬಂದೇ ಇಲ್ಲ ಅಂತ ಗುರುತು ಹಾಕಿಕೊಂಡು ಮುಂದೆ ಹೋಗುತ್ತಾರೆ.

ಟಿಟಿಇ ಬಂದಾಗ ಟಿಕೆಟ್, ಗುರುತಿನ ಚೀಟಿ ತೋರಿಸಿ, ಚಿಕ್ಕದಾಗಿ ಕೇಳಿ: "ಸರ್, ಆರ್‌ಎಸಿ 14. ಯಾರಾದ್ರೂ ಬರದೇ ಇದ್ರೆ ನೋಡ್ತೀರಾ?" ಅಷ್ಟು ಸಾಕು. ಬರದೇ ಹೋದವರ ಬರ್ತ್ ಮೊದಲು ಸಲ್ಲುವುದು ಆರ್‌ಎಸಿಯವರಿಗೆ, ಸರದಿ ಪ್ರಕಾರ. ಈಗ ಟಿಟಿಇ ಕೈಯಲ್ಲಿ ಯಂತ್ರ ಇರುತ್ತದೆ, ಖಾಲಿ ಬರ್ತ್ ಅದರಲ್ಲೇ ಗೊತ್ತಾಗುತ್ತದೆ. ಅರಸೀಕೆರೆಯಿಂದ ಖಾಲಿ ಅಂತ ನೀವು ನೋಡಿದ್ದ ಬರ್ತ್ ಇದ್ದರೆ ಈಗ ಸ್ಕ್ರೀನ್‌ಶಾಟ್ ತೋರಿಸಿ. "ನೆಟ್ಟಲ್ಲಿ ಖಾಲಿ ತೋರಿಸ್ತಿದೆ, ನೀವು ಯಾಕೆ ಕೊಡಲ್ಲ" ಅಂತ ಮಾತ್ರ ಶುರುಮಾಡಬೇಡಿ. "ಎಸ್4ರಲ್ಲಿ 22 ಅರಸೀಕೆರೆಯಿಂದ ಖಾಲಿ ತೋರಿಸ್ತಿತ್ತು ಸರ್, ಒಂದ್ಸಲ ನೋಡ್ತೀರಾ" ಅಂದರೆ ನೋಡುತ್ತಾರೆ.

ಜನರಲ್ ಟಿಕೆಟ್ ಇದ್ದು ಸ್ಲೀಪರ್‌ಗೆ ಬದಲಾಯಿಸಿಕೊಳ್ಳಬೇಕು ಅನ್ನುವವರಿಗೆ ನಿಯಮ ಒಂದೇ: ಹತ್ತುವ ಮುಂಚೆ ಕೇಳಬೇಕು. ಪ್ಲಾಟ್‌ಫಾರ್ಮಿನಲ್ಲೇ ಟಿಟಿಇ ಕಂಡರೆ "ಜನರಲ್ ಟಿಕೆಟ್ ಇದೆ ಸರ್, ಬರ್ತ್ ಇದ್ರೆ ಡಿಫರೆನ್ಸ್ ಕಟ್ತೀನಿ" ಅನ್ನಿ. ಇದ್ದರೆ ವ್ಯತ್ಯಾಸದ ಹಣ ತೆಗೆದುಕೊಂಡು ರಸೀದಿ ಕೊಡುತ್ತಾರೆ. ಇಲ್ಲ ಅಂದರೆ ಜನರಲ್ ಬೋಗಿಗೆ ಹೋಗಿ. ಸ್ಲೀಪರ್ ಹತ್ತಿ, ಕಂಬಳಿ ಹೊದ್ದು ಮಲಗಿ, ಎಬ್ಬಿಸಿದಾಗ "ಡಿಫರೆನ್ಸ್ ಕಟ್ತೀನಿ" ಅಂದರೆ ಅದು ಡಿಫರೆನ್ಸ್ ಅಲ್ಲ, ದಂಡ. ದುಡ್ಡು ಯಾವುದಕ್ಕೇ ಕೊಟ್ಟರೂ ರಸೀದಿ ತಗೊಳ್ಳಿ. ರಸೀದಿ ಇಲ್ಲದ ಬರ್ತಿನಿಂದ ಮುಂದಿನ ಚೆಕಿಂಗ್‌ನಲ್ಲಿ ಏಳಬೇಕಾಗುತ್ತದೆ.

ಹಂತ 7: ರಾತ್ರಿ ಕಳೆಯುವುದು

ಆರ್‌ಎಸಿ ಬರ್ತಿನ ರಚನೆ ಸ್ವಲ್ಪ ಹತ್ತಿರದಿಂದ ನೋಡೋಣ. ಹಳೇ ಮಾದರಿಯ ಬೋಗಿಯಲ್ಲಿ ಎದುರುಬದುರು ಎರಡು ಸೀಟು. ಎರಡರ ಬೆನ್ನಿನ ಹಲಗೆಯನ್ನೂ ಕೆಳಗೆ ಮಡಚಿದರೆ ನಡುವೆ ಸೇರಿ ಒಂದು ಬರ್ತ್ ಆಗುತ್ತದೆ. ಸೇರುವ ಜಾಗದಲ್ಲಿ ಒಂದು ಗೆರೆ, ಒಂದು ಪಕ್ಕ ಸ್ವಲ್ಪ ಎತ್ತರ. ಮಲಗಿದರೆ ಅದು ನೇರ ಸೊಂಟಕ್ಕೇ ಬರುತ್ತದೆ. ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಅಲ್ಲಿಗೆ ಹಾಕಿ. ಹಲಗೆ ಕೂಡಿಸುವಾಗ ಬೆರಳು ನಡುವೆ ಇಡಬೇಡಿ, ನನ್ನ ಎಡಗೈ ಉಂಗುರದ ಬೆರಳಿಗೆ ಅದರ ಅನುಭವ ಇದೆ.

ಜೊತೆಯವರ ಹತ್ತಿರ ಮೊದಲ ಹತ್ತು ನಿಮಿಷದಲ್ಲೇ ಮಾತಾಡಿಕೊಳ್ಳಿ. ಎರಡು ದಾರಿ ಇವೆ. ಇಬ್ಬರೂ ಎದುರುಬದುರು ತಲೆ ಇಟ್ಟು, ಕಾಲನ್ನು ಪಕ್ಕಪಕ್ಕ ಚಾಚುವುದು. ಅಥವಾ ಸರದಿ: "ಅಣ್ಣಾ, ಬೀರೂರುವರೆಗೆ ನೀವು ಮಲಗಿ, ಆಮೇಲೆ ನಾನು." ಎರಡನೆಯದರಲ್ಲಿ ಇಬ್ಬರಿಗೂ ಎರಡು ಗಂಟೆಯಾದರೂ ನಿಜವಾದ ನಿದ್ದೆ. ಮೊದಲನೆಯದರಲ್ಲಿ ಇಬ್ಬರಿಗೂ ಅರ್ಧಂಬರ್ಧ. ಒಂದು ಸಲ ನನ್ನ ಜೊತೆ ಸಿಕ್ಕವರು ರಾಣೇಬೆನ್ನೂರಿನ ಬೀಜದ ವ್ಯಾಪಾರಿ. ನನ್ನ ಪೊಟ್ಟಣದ ನರ್ಗಿಸ್ ಮಂಡಕ್ಕಿ ಅರ್ಧ ತಿಂದು, "ತಮ್ಮಾ ನೀನು ಮಲಕ್ಕ, ನಂಗೆ ನಿದ್ದೆ ಬರಲ್ಲ" ಅಂದರು. ಮಂಡಕ್ಕಿಗೆ ಅಷ್ಟು ಬೆಲೆ ನನಗೆ ಯಾವತ್ತೂ ಬಂದಿಲ್ಲ. ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬರಬೇಡಿ, ರೈಲಲ್ಲಿ ತಿನ್ನುವ ಹೊತ್ತಿಗೆ ಅದು ದೋಸೆಯಾಗಿ ಉಳಿದಿರಲ್ಲ.

ಎಸಿ ಬೋಗಿಯ ಆರ್‌ಎಸಿಯವರಿಗೂ ಹಾಸಿಗೆ ಕಿಟ್ ಉಂಟು, ಇಬ್ಬರಿಗೂ ಬೇರೆ ಬೇರೆ. ಒಂದೇ ಕೊಟ್ಟರೆ ಇನ್ನೊಂದು ಕೇಳಿ ತಗೊಳ್ಳಿ.

ಮಿಡ್ಲ್ ಬರ್ತ್ ಬಿಚ್ಚುವ ಹೊತ್ತು ರಾತ್ರಿ 10ರಿಂದ ಬೆಳಿಗ್ಗೆ 6. ಆ ಹೊತ್ತಿನಲ್ಲಿ ಬೇರೆಯವರ ಲೋವರ್ ಬರ್ತಿನ ತುದಿಯಲ್ಲಿ "ಸ್ವಲ್ಪ ಕೂರ್ತೀನಿ" ಅಂತ ಕೂರುವ ಹಕ್ಕು ಯಾರಿಗೂ ಇಲ್ಲ. ಜಗಳ ಶುರುವಾಗುವುದು ಅಲ್ಲೇ.

ಜನರಲ್ ಬೋಗಿಯಲ್ಲಿ ಲೆಕ್ಕ ಬೇರೆ. ಒಳಗೆ ಹೋದವರು ಬಾಗಿಲ ಹತ್ತಿರವೇ ನಿಂತುಬಿಡುತ್ತಾರೆ, ನಡುವಿನ ಓಣಿಯಲ್ಲಿ ಜಾಗ ಇರುತ್ತದೆ. ತಳ್ಳದೆ, "ಸ್ವಲ್ಪ ದಾರಿ ಬಿಡಿ" ಅನ್ನುತ್ತಾ ಒಳಗೆ ನಡೆಯಿರಿ. ಕೂತವರನ್ನು ಎಲ್ಲಿ ಇಳಿಯುತ್ತೀರಿ ಅಂತ ಕೇಳಿ. ಬೀರೂರು, ಕಡೂರು, ಅರಸೀಕೆರೆ ಅಂದವರ ಪಕ್ಕದಲ್ಲಿ ನಿಲ್ಲಿ. ಬೀರೂರಿನಲ್ಲಿ ಶಿವಮೊಗ್ಗ ಕಡೆಯವರು, ಅರಸೀಕೆರೆಯಲ್ಲಿ ಹಾಸನದ ಕಡೆಯವರು ಇಳಿಯುತ್ತಾರೆ. "ಬೆಂಗಳೂರು" ಅಂದವರ ಪಕ್ಕ ನಿಂತರೆ ಬೆಳಗಿನವರೆಗೂ ನಿಂತೇ ಇರುತ್ತೀರಿ.

ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂರಬೇಡಿ. ತಂಪು ಗಾಳಿಗೆ ಕಣ್ಣು ಎಳೆಯುತ್ತದೆ, ತೂಕಡಿಕೆ ಹೇಳಿ ಕೇಳಿ ಬರಲ್ಲ. ಸಾಮಾನಿಡುವ ಹಲಗೆಗೆ ಲುಂಗಿ ಕಟ್ಟಿ ಜೋಲಿ ಮಾಡಿಕೊಳ್ಳುವ ಹುಡುಗರನ್ನು ನೋಡಿದ್ದೇನೆ. ಅದರ ಗಂಟು ಬಿಚ್ಚಿದ್ದನ್ನೂ ನೋಡಿದ್ದೇನೆ. ಕೆಳಗೆ ಕೂತಿದ್ದವರ ತಲೆಗೆ ಪೆಟ್ಟಾಯಿತು.

ಫೋನ್, ಪರ್ಸ್ ಎರಡೂ ಮುಂದಿನ ಜೇಬಿನಲ್ಲಿ. ಚಾರ್ಜಿಗೆ ಹಾಕಿ ನಿದ್ದೆ ಮಾಡಬೇಡಿ. ಬ್ಯಾಗಿನ ಪಟ್ಟಿಯನ್ನು ಕಾಲಿಗೆ ಒಂದು ಸುತ್ತು ಸುತ್ತಿಕೊಳ್ಳಿ. ಸ್ಲೀಪರ್ ಆದರೆ ಲೋವರ್ ಬರ್ತಿನ ಕೆಳಗೆ ಚೈನ್ ಹಾಕುವ ಬಳೆ ಇರುತ್ತದೆ, ಕೈಯಾಡಿಸಿ ನೋಡಿ.

ಮರೆಯಬೇಡಿ: ಸೀಟು ಸಿಗಲಿಲ್ಲ, ಜಗಳ ಆಯ್ತು, ಸ್ಟೇಷನ್ ದಾಟಿತು ಅಂತ ಚೈನ್ ಎಳೆಯಬಾರದು. ಸರಿಯಾದ ಕಾರಣವಿಲ್ಲದೆ ಎಳೆದರೆ ಸಾವಿರ ರೂಪಾಯಿವರೆಗೆ ದಂಡ ಅಥವಾ ಒಂದು ವರ್ಷದವರೆಗೆ ಜೈಲು. ಯಾರಿಗಾದರೂ ಹುಷಾರಿಲ್ಲದಿದ್ದರೆ, ಕಳ್ಳತನ ಆದರೆ, ಯಾರಾದರೂ ಕಾಟ ಕೊಟ್ಟರೆ 139.

ಹಂತ 8: ಇಳಿಯುವುದು, ಆಮೇಲೆ ಹಣದ ಲೆಕ್ಕ

ತಿಪಟೂರು ಬಿಟ್ಟ ಹೊತ್ತಿಗೆ ಒಂದು ಅಲಾರಂ, ತುಮಕೂರಿಗೆ ಇನ್ನೊಂದು. ಮೆಟ್ರೋ ಹಿಡಿಯುವವರಿಗೆ, ರೈಲು ಅಲ್ಲಿ ನಿಲ್ಲುವುದಾದರೆ, ಯಶವಂತಪುರವೇ ಆರಾಮ. ಹಸಿರು ಮಾರ್ಗ ಅಲ್ಲೇ ಇದೆ. ಮೆಜೆಸ್ಟಿಕ್‌ವರೆಗೆ ಹೋದರೆ ಇಡೀ ರೈಲಿನ ಜನ ಒಂದೇ ಸಲ ಇಳಿಯುತ್ತಾರೆ.

ಟಿಕೆಟನ್ನು ಸ್ಟೇಷನ್ ಗೇಟು ದಾಟುವವರೆಗೆ ಎಸೆಯಬೇಡಿ. ಮೊಬೈಲ್ ಟಿಕೆಟ್ ಆದರೆ ಫೋನಿನಲ್ಲಿ ಎರಡು ಪರ್ಸೆಂಟ್ ಚಾರ್ಜಾದರೂ ಉಳಿಸಿಕೊಳ್ಳಿ. ತೋರಿಸಲು ಆಗದಿದ್ದರೆ ಟಿಕೆಟ್ ಇಲ್ಲದ ಹಾಗೇ.

ಕ್ಯಾನ್ಸಲ್ ಆದ ಇ-ಟಿಕೆಟ್ ಹಣ ತಾನಾಗಿ ಬರುತ್ತದೆ, ಅರ್ಜಿ ಬೇಡ. ಯಾರಾದರೂ ಫೋನ್ ಮಾಡಿ "ರೀಫಂಡ್ ಹಾಕ್ತೀವಿ, ಓಟಿಪಿ ಹೇಳಿ" ಅಂದರೆ ಇಟ್ಟುಬಿಡಿ. ಕೌಂಟರ್ ಟಿಕೆಟ್ ಹಣಕ್ಕೆ ನೀವೇ ಹೋಗಬೇಕು. ರೈಲು ಹೊರಟ ಮೇಲೆ ವೇಟಿಂಗ್ ಟಿಕೆಟ್ ಹಿಡಿದು ಹೋದರೆ ಏನೂ ಸಿಗಲ್ಲ. ಕೌಂಟರಿನಲ್ಲಿ ಸಾಲು ಉದ್ದ ಇದ್ದರೆ ಐಆರ್‌ಸಿಟಿಸಿ ವೆಬ್‌ಸೈಟಿನಲ್ಲಿ ಅಥವಾ 139ಕ್ಕೆ ಕರೆ ಮಾಡಿ ಕ್ಯಾನ್ಸಲ್ ಮಾಡಿ, ಹಣ ಆಮೇಲೆ ಕೌಂಟರಿನಲ್ಲಿ ತಗೊಳ್ಳಬಹುದು. ಇದಕ್ಕೆ ಟಿಕೆಟ್ ತೆಗೆಯುವಾಗ ಫಾರಂನಲ್ಲಿ ನಿಮ್ಮ ಮೊಬೈಲ್ ನಂಬರ್ ಬರೆದಿರಬೇಕು. ಸಾಲಿನಲ್ಲಿ ನಿಂತಾಗ ಪಕ್ಕದವರ ಪೆನ್ನು ಇಸ್ಕೊಂಡು ಗಡಿಬಿಡಿಯಲ್ಲಿ ತುಂಬುವ ಆ ಫಾರಂನಲ್ಲಿ ಎಲ್ಲರೂ ಖಾಲಿ ಬಿಡುವುದು ಅದೊಂದು ಕಾಲಂ.